1440 ಯಾಕೆ, 1500 ಯಾಕಲ್ಲ?

ದಾವಣಗೆರೆಯಲ್ಲಿ ನಮ್ಮ ಮನೆ ಹತ್ತಿರ ಒಂದು ವೈಂಡಿಂಗ್ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಅದರ ಬಾಗಿಲ ಮುಂದೆ ಸುಟ್ಟ ಮೋಟರ್‌ಗಳ ಸಾಲು. ಜಗಳೂರು ಕಡೆಯಿಂದ, ಚನ್ನಗಿರಿ ಕಡೆಯಿಂದ, ಹಿರಿಯೂರಿನಿಂದಲೂ ಬರುತ್ತವೆ. ಹೋದ ಭಾನುವಾರ ನಮ್ಮ ನೀರೆತ್ತುವ ಮೋಟರ್ ತರೋಣ ಅಂತ ಹೋದಾಗ ಅಕ್ಕನ ಮಗಳೂ ಜೊತೆಗೆ ಬಂದಿದ್ದಳು. ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಮೇಜಿನ ಮೇಲೆ ಹಿಟ್ಟಿನ ಗಿರಣಿಯ ದೊಡ್ಡ ಮೋಟರ್ ಇತ್ತು. ಅದರ ಮೈಮೇಲಿನ ತಗಡಿನ ಪಟ್ಟಿಯಲ್ಲಿ 50 ಹರ್ಟ್ಜ್, 1440 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಬರೆದಿತ್ತು. ಅಂಗಡಿಯವರು, "ಇದು ನಾಲ್ಕು ಪೋಲ್ ಮೋಟರ್. ಲೆಕ್ಕ 1500, ಓಡೋದು 1440" ಅಂದರು. ಪೋಲ್ ಅಂದರೆ ವೈಂಡಿಂಗ್ ಉಂಟುಮಾಡುವ ಕಾಂತಧ್ರುವ.

"ಮಾಮ, ಆ 60 ಸುತ್ತು ಎಲ್ಲಿ ಹೋಯ್ತು?"

ಬೇರಿಂಗ್ ಸವೆದಿರಬೇಕು ಅಂತ ಅವಳ ಊಹೆ. ಅಲ್ಲ. ಹೊಚ್ಚ ಹೊಸ ಮೋಟರ್ ಕೂಡ ಹೀಗೇ ಓಡುತ್ತದೆ. ಉತ್ತರ ಇರುವುದು ಅವಳು ಮೊನ್ನೆ ಟೆಸ್ಟಿನಲ್ಲಿ ಮಾರ್ಕ್ಸ್ ಕಳೆದುಕೊಂಡ ಪಾಠದಲ್ಲೇ: ಕಾಂತಕ್ಷೇತ್ರ ಬದಲಾದಾಗ ತಂತಿಯಲ್ಲಿ ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತದೆ?

ಮಾರ್ಕ್ಸ್ ಹೋಗಿದ್ದು ಹೀಗೆ. ತಂತಿಯ ಒಂದು ರಿಂಗ್. ಅದರ ಎದುರಿಗೆ ಅಯಸ್ಕಾಂತದ ಉತ್ತರ ಧ್ರುವ. ಅಯಸ್ಕಾಂತವನ್ನು ದೂರ ಎಳೆದರೆ ಕರೆಂಟ್ ಎತ್ತ ಹರಿಯುತ್ತದೆ ಅಂತ ಪ್ರಶ್ನೆ. "ಪ್ರೇರಿತ ಕರೆಂಟ್ ಯಾವಾಗಲೂ ವಿರೋಧಿಸುತ್ತದೆ" ಅಂತ ಬಾಯಿಪಾಠ ಮಾಡಿದ್ದಳು. ಹಾಗಾಗಿ ರಿಂಗಿನ ಕಾಂತಕ್ಷೇತ್ರವನ್ನು ಅಯಸ್ಕಾಂತದ ಕ್ಷೇತ್ರಕ್ಕೆ ಉಲ್ಟಾ ಬರೆದುಬಿಟ್ಟಳು. ಈ ತಪ್ಪು ಮಾಡದವರು ಕಡಿಮೆ. ನಾನೂ ಮಾಡಿದ್ದೇನೆ. ತಂತಿಯ ಸುರುಳಿಗೆ ಕಾಂತಕ್ಷೇತ್ರದ ಮೇಲೆ ಸಿಟ್ಟಿಲ್ಲ, ಅದು ತಡೆಯುವುದು ಬದಲಾವಣೆಯನ್ನು. ಇಡೀ ಪಾಠದ ಜೀವ ಇರುವುದು ಇಲ್ಲೇ.

ಮನೆಯಲ್ಲಿ ಅಜ್ಜಿ ಇರುತ್ತಾರಲ್ಲ, ಅಲ್ಮೇರಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರೂ "ಇದ್ದಲ್ಲೇ ಇರಲಿ ಬಿಡ್ರೋ" ಅನ್ನುವವರು, ಸುರುಳಿಯೂ ಹಾಗೇ. ತನ್ನೊಳಗೆ ಹೊಸದಾಗಿ ಕಾಂತಕ್ಷೇತ್ರ ನುಗ್ಗಿ ಬಂದರೆ ಬೇಡ ಅನ್ನುತ್ತದೆ. ಇದ್ದ ಕ್ಷೇತ್ರ ಹೊರಟು ನಿಂತರೆ ಹೋಗಬೇಡ ಅನ್ನುತ್ತದೆ. ಬರುವಾಗ ತಳ್ಳುವುದು, ಹೋಗುವಾಗ ಹಿಡಿದೆಳೆಯುವುದು. ಏನೂ ಬದಲಾಗದಿದ್ದರೆ ಅದು ಸುಮ್ನೆ ಇರುತ್ತದೆ, ಎಷ್ಟೇ ಬಲವಾದ ಅಯಸ್ಕಾಂತ ಪಕ್ಕದಲ್ಲಿ ಇಟ್ಟಿದ್ದರೂ ಒಂದು ಹನಿ ಕರೆಂಟ್ ಹುಟ್ಟುವುದಿಲ್ಲ.

ಮೈಕಲ್ ಫ್ಯಾರಡೆಗೆ 1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಕಂಡಿದ್ದು ಇದೇ. ಕಬ್ಬಿಣದ ಒಂದು ಉಂಗುರಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಕೊಟ್ಟರು. ಇನ್ನೊಂದರ ಪಕ್ಕದಲ್ಲಿದ್ದ ಕಾಂತಸೂಜಿ ಒಮ್ಮೆ ಅಲುಗಾಡಿ ಸುಮ್ಮನಾಯಿತು. ಬ್ಯಾಟರಿ ತೆಗೆದ ಕ್ಷಣ ಮತ್ತೆ ಅಲುಗಾಡಿತು, ಈ ಸಲ ಉಲ್ಟಾ ಕಡೆಗೆ. ನಡುವೆ ಬ್ಯಾಟರಿ ಹಾಗೇ ಇದ್ದಷ್ಟು ಹೊತ್ತೂ ಸೂಜಿ ಮಿಸುಕಲಿಲ್ಲ. ಆ ದಿಕ್ಕಿಗೆ ಒಂದು ನಿಯಮ ಕೊಟ್ಟವರು ಹೈನ್ರಿಚ್ ಲೆನ್ಜ್. ಈಗಿನ ಎಸ್ಟೋನಿಯಾದ ಟಾರ್ಟುನಲ್ಲಿ 1804ರಲ್ಲಿ ಹುಟ್ಟಿದವರು, ಹರೆಯದಲ್ಲಿ ಹಡಗು ಹತ್ತಿ ಭೂಮಿಯನ್ನು ಸುತ್ತು ಹಾಕಿ ಬಂದವರು. ಅವರ ನಿಯಮ 1834ರಲ್ಲಿ ಪ್ರಕಟವಾಯಿತು. ಹೀಗೆ ಹುಟ್ಟುವ ವೋಲ್ಟೇಜಿನ ಸೂತ್ರದಲ್ಲಿ ಮೈನಸ್ ಗುರುತು ಇದೆಯಲ್ಲ, ಅದು ಇದೇ ನಿಯಮ. ಎಷ್ಟೋ ಮಕ್ಕಳು ಅದನ್ನು ಸುಮ್ನೆ ಒಂದು ಗೀಟು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಸರಿ, ಲೆಕ್ಕ ಮಾಡುವುದು ಹೇಗೆ? ಅಂಗಡಿಯಲ್ಲೇ ಬಿದ್ದಿದ್ದ ತಾಮ್ರದ ತಂತಿಯ ಒಂದು ತುಂಡನ್ನು ಬಳೆಯ ಹಾಗೆ ಬಗ್ಗಿಸಿ ಅವಳ ಕೈಗೆ ಕೊಟ್ಟೆ. ಮೊದಲು ನೋಡಬೇಕಾದ್ದು, ಬಳೆಯ ಒಳಗೆ ಕಾಂತಕ್ಷೇತ್ರ ಯಾವ ಕಡೆಗಿದೆ. ಉತ್ತರ ಧ್ರುವದಿಂದ ಅದು ಹೊರಗೆ ಬರುತ್ತದೆ, ಅಂದರೆ ಅಯಸ್ಕಾಂತದಿಂದ ಬಳೆಯ ಕಡೆಗೆ. ಆಮೇಲೆ, ಅದು ಹೆಚ್ಚುತ್ತಿದೆಯೋ ಕಡಿಮೆ ಆಗುತ್ತಿದೆಯೋ. ದೂರ ಎಳೆದರೆ ಕಡಿಮೆ ಆಗುತ್ತಿದೆ. ಹಾಗಾದರೆ ಬಳೆ ಏನು ಬಯಸುತ್ತದೆ? ಕಡಿಮೆ ಆಗುವುದು ಬೇಡ ಅನ್ನುತ್ತದೆ, ಅಂದರೆ ಅದೇ ದಿಕ್ಕಿನಲ್ಲಿ ತನ್ನದೂ ಸ್ವಲ್ಪ ಸೇರಿಸುತ್ತದೆ. ಇಲ್ಲಿ ಉಲ್ಟಾ ಅಲ್ಲವೇ ಅಲ್ಲ. ಅವಳು ತಪ್ಪಿದ್ದು ಈ ಜಾಗದಲ್ಲೇ. ಕೊನೆಗೆ ಬಲಗೈ. ಬಳೆ ತನ್ನ ಕ್ಷೇತ್ರವನ್ನು ಯಾವ ಕಡೆಗೆ ಬಯಸುತ್ತದೋ ಆ ಕಡೆಗೆ ಹೆಬ್ಬೆರಳು ತೋರಿಸಿ ಉಳಿದ ಬೆರಳು ಮಡಚಿದರೆ, ಬೆರಳು ಸುತ್ತಿದ ಕಡೆಗೆ ಕರೆಂಟ್. ಅಯಸ್ಕಾಂತದ ಕಡೆಯಿಂದ ನೋಡುವವರಿಗೆ ಅದು ಗಡಿಯಾರದ ಮುಳ್ಳಿನ ಹಾಗೆ ಓಡುತ್ತದೆ. ಅದೇ ಧ್ರುವವನ್ನು ಹತ್ತಿರ ತಂದರೆ ಮುಳ್ಳಿಗೆ ಉಲ್ಟಾ.

ನನಗೆ ಇಷ್ಟವಾದ ಇನ್ನೊಂದು ಲೆಕ್ಕವಿದೆ, ಪರೀಕ್ಷೆ ಬರೆಯುವವರು ಒಮ್ಮೆ ಮಾಡಿ ನೋಡಲೇಬೇಕು. ಹಾಳೆಯ ಮೇಲೆ ನೇರವಾದ ಒಂದು ತಂತಿ, ಕರೆಂಟ್ ಮೇಲ್ಮುಖ. ಅದರ ಬಲಗಡೆ ಒಂದು ಚೌಕಾಕಾರದ ಸುರುಳಿ. ಆ ಜಾಗದಲ್ಲಿ ಕಾಂತಕ್ಷೇತ್ರ ಹಾಳೆಯ ಒಳಕ್ಕೆ ಹೋಗುತ್ತದೆ. ಕರೆಂಟ್ ಹೆಚ್ಚಿಸುತ್ತಾ ಹೋದರೆ ಸುರುಳಿ ತನ್ನ ಕ್ಷೇತ್ರವನ್ನು ಹಾಳೆಯಿಂದ ಹೊರಕ್ಕೆ ಕೊಡುತ್ತದೆ, ಕರೆಂಟ್ ಗಡಿಯಾರಕ್ಕೆ ಉಲ್ಟಾ. ಕಡಿಮೆ ಮಾಡಿದರೆ ಗಡಿಯಾರದ ಕಡೆಗೆ. ಕರೆಂಟ್ ಹಾಗೇ ಇಟ್ಟು ಸುರುಳಿಯನ್ನೇ ದೂರ ಸರಿಸಿದರೂ ಗಡಿಯಾರದ ಕಡೆಗೆ, ಯಾಕೆಂದರೆ ದೂರ ಹೋದಷ್ಟೂ ಕ್ಷೇತ್ರ ತಗ್ಗುತ್ತದೆ. ತಂತಿಯಿಂದ ಅಷ್ಟೇ ದೂರದಲ್ಲಿಟ್ಟು ಅದರ ಉದ್ದಕ್ಕೇ ಮೇಲೆ ಸರಿಸಿದರೆ? ತಂತಿ ಉದ್ದವಾಗಿದ್ದರೆ ಏನೂ ಇಲ್ಲ. ಸುರುಳಿ ಓಡಾಡಿತು ನಿಜ, ಅದರೊಳಗಿನ ಕ್ಷೇತ್ರ ಬದಲಾಗಲಿಲ್ಲ ಅಲ್ವಾ?

ಸುರುಳಿಗೆ ಈ ಹಠ ಯಾಕೆ ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅದು ಉಲ್ಟಾ ನಡೆದುಕೊಂಡಿದ್ದರೆ ಏನಾಗುತ್ತಿತ್ತು ನೋಡಿ. ಅಯಸ್ಕಾಂತವನ್ನು ಸ್ವಲ್ಪ ಹತ್ತಿರ ತಳ್ಳುತ್ತೀರಿ, ಸುರುಳಿ ಅದನ್ನು ಇನ್ನೂ ಜೋರಾಗಿ ಒಳಗೆ ಎಳೆದುಕೊಳ್ಳುತ್ತದೆ, ವೇಗ ಹೆಚ್ಚುತ್ತದೆ, ಕರೆಂಟೂ ಹೆಚ್ಚುತ್ತದೆ, ಎಳೆತ ಮತ್ತೂ ಹೆಚ್ಚುತ್ತದೆ. ಬಿಟ್ಟಿ ಕರೆಂಟ್! ಯಾರ ಕೈಯ ಕೆಲಸವೂ ಇಲ್ಲದೆ ಶಕ್ತಿ ಹುಟ್ಟಿದಂತಾಯಿತು. ಪ್ರಕೃತಿಯಲ್ಲಿ ಹಾಗೆ ನಡೆಯುವುದಿಲ್ಲ. ಸುರುಳಿಯಲ್ಲಿ ಹರಿಯುವ ಕರೆಂಟಿನ ಬೆಲೆಯನ್ನು ಅಯಸ್ಕಾಂತ ತಳ್ಳುವ ಕೈ ಕೊಡಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳಲ್ಲಿ ಆ ಬೆಲೆ ಕೊಡುವುದು ಗಾಳಿ. ಜನರೇಟರಿನಿಂದ ಕರೆಂಟ್ ತೆಗೆದಷ್ಟೂ ಅದು ರೆಕ್ಕೆಯನ್ನು ಹಿಂದಕ್ಕೆ ಹಿಡಿಯುತ್ತದೆ.

ಇದನ್ನು ಬೆರಳಿನಲ್ಲೇ ನೋಡಬಹುದು. ಹಳೆಯ ಪ್ರಿಂಟರಿನಿಂದ ಬಿಚ್ಚಿದ ಸಣ್ಣ ಡಿಸಿ ಮೋಟರ್ ತೆಗೆದುಕೊಳ್ಳಿ. ಬ್ಯಾಟರಿ ಏನೂ ಬೇಡ. ಶಾಫ್ಟನ್ನು ಬೆರಳಿನಿಂದ ತಿರುಗಿಸಿ, ಸಲೀಸಾಗಿ ತಿರುಗುತ್ತದೆ. ಈಗ ಅದರ ಎರಡು ತಂತಿಯ ತುದಿಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದು ತಿರುಗಿಸಿ. ಜೇನುತುಪ್ಪದಲ್ಲಿ ತಿರುಗಿಸಿದ ಹಾಗೆ ಬಿಗಿ! ಕರೆಂಟ್ ಹರಿಯಲು ದಾರಿ ಸಿಕ್ಕಿತು, ತಕ್ಷಣ ತಡೆಯೂ ಬಂತು. ತುದಿ ಬಿಟ್ಟರೆ ಮತ್ತೆ ಸಲೀಸು. ನಾನು ಇದನ್ನು ಎಷ್ಟು ಸಲ ಮಾಡಿದರೂ ನನಗೆ ಬೇಸರ ಬಂದಿಲ್ಲ. ತಾಮ್ರದ ಕೊಳವೆಯೊಳಗೆ ನಿಯೋಡಿಮಿಯಂ ಅಯಸ್ಕಾಂತ ಬಿಟ್ಟರೂ ಹೀಗೇ. ಸುಮ್ನೆ ಬಿಟ್ಟ ಕಲ್ಲಿಗೆ ಒಂದು ಮೀಟರ್ ಬೀಳಲು ಅರ್ಧ ಸೆಕೆಂಡೂ ಬೇಡ, ಅದೇ ಎತ್ತರದ ಕೊಳವೆಯಲ್ಲಿ ಅಯಸ್ಕಾಂತ ಕೆಲವು ಸೆಕೆಂಡ್ ತೇಲುತ್ತಾ ಇಳಿಯುತ್ತದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಆದರೂ!

ಇನ್ನು ಆ 60 ಸುತ್ತು. ಗಿರಣಿಯ ಮೋಟರಿನಲ್ಲಿ ಮೂರು ಫೇಸ್ ಕರೆಂಟ್ ಹೊರಗಿನ ವೈಂಡಿಂಗಿನಲ್ಲಿ ಹರಿದಾಗ ಕಾಂತಕ್ಷೇತ್ರವೇ ಗರಗರ ಸುತ್ತುತ್ತದೆ. ನಾಲ್ಕು ಪೋಲ್ ಇದ್ದರೆ ನಿಮಿಷಕ್ಕೆ ಸರಿಯಾಗಿ 1500 ಸುತ್ತು. ಒಳಗೆ ತಿರುಗುವ ಭಾಗಕ್ಕೆ, ಅಂದರೆ ರೋಟರಿಗೆ, ಹೊರಗಿನಿಂದ ಯಾವ ತಂತಿಯೂ ಬಂದಿಲ್ಲ. ಅದರ ಸರಳುಗಳನ್ನು ಕ್ಷೇತ್ರ ದಾಟಿ ಹೋಗುತ್ತಿರುತ್ತದೆ, ಅದು ರೋಟರಿಗೆ ಬದಲಾವಣೆ. ಬದಲಾವಣೆ ಬೇಡ ಅಂದರೆ ಏನು ಮಾಡಬೇಕು? ಕ್ಷೇತ್ರ ಓಡುವ ಕಡೆಗೇ ತಾನೂ ಓಡಬೇಕು. ಓಡುತ್ತದೆ. ಎರಡು ಫೇಸ್ ಅದಲುಬದಲು ಮಾಡಿದರೆ ಕ್ಷೇತ್ರ ಉಲ್ಟಾ ಸುತ್ತುತ್ತದೆ, ರೋಟರೂ ಉಲ್ಟಾ. ಬೋರ್‌ವೆಲ್ ಇಳಿಸುವವರಿಗೆ ಇದು ದಿನದ ಕೆಲಸ.

ಆದರೆ ರೋಟರ್ ಪೂರ್ತಿ 1500 ಮುಟ್ಟಿಬಿಟ್ಟರೆ ಕ್ಷೇತ್ರ ಅದರ ಪಾಲಿಗೆ ನಿಂತೇಹೋಯಿತು. ಬದಲಾವಣೆ ಇಲ್ಲ, ಕರೆಂಟ್ ಇಲ್ಲ, ತಳ್ಳುವ ಬಲವೂ ಇಲ್ಲ. ಹಾಗಾಗಿ ಯಾವಾಗಲೂ ಸ್ವಲ್ಪ ಹಿಂದೆ. 1500ರಲ್ಲಿ 1440 ಕಳೆದರೆ 60, ಅಂದರೆ ರೋಟರಿನ ಮೇಲೆ ಕೂತು ನೋಡಿದರೆ ಕ್ಷೇತ್ರ ಸೆಕೆಂಡಿಗೆ ಒಂದೇ ಒಂದು ಸುತ್ತು ಮುಂದೆ ಹೋಗುತ್ತದೆ. ಆ ಒಂದು ಸುತ್ತಿನ ಹಿಂದುಳಿಕೆಯೇ ಕಲ್ಲನ್ನು ತಿರುಗಿಸಿ ರಾಗಿ ಬೀಸುತ್ತದೆ. ರಾಗಿ ಜಾಸ್ತಿ ಸುರಿದರೆ ರೋಟರ್ ಇನ್ನಷ್ಟು ಹಿಂದೆ ಬೀಳುತ್ತದೆ, ಅದರಲ್ಲಿ ಕರೆಂಟ್ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ.

"ಹಾಗಾದ್ರೆ ರೋಟರ್ ನಿಂತೇ ಹೋದ್ರೆ?" ಅಂದಳು.

ಆಗ ಪೂರ್ತಿ 1500 ಸುತ್ತಿನ ವೇಗದಲ್ಲಿ ಕ್ಷೇತ್ರ ಅದರ ಮೇಲೆ ಹಾಯುತ್ತದೆ. ರೋಟರಿನಲ್ಲಿ ಭಾರಿ ಕರೆಂಟ್, ಅದಕ್ಕೆ ಸರಿಸಮ ನಿಲ್ಲಲು ಹೊರಗಿನ ವೈಂಡಿಂಗೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಓಡಲು ಶುರುಮಾಡುವ ಕೆಲವು ಕ್ಷಣ ಅದನ್ನು ಮೋಟರ್ ತಡೆದುಕೊಳ್ಳುತ್ತದೆ. ಹಾಗೇ ನಿಂತರೆ ತಂತಿಯ ಮೇಲಿನ ವಾರ್ನಿಷ್ ಹಾಳಾಗಿ ವೈಂಡಿಂಗ್ ಸುಟ್ಟುಹೋಗುತ್ತದೆ.

ಅಂಗಡಿಯವರು ನಮ್ಮ ಮಾತು ಕೇಳಿಸಿಕೊಳ್ಳುತ್ತಾ ಮೂಲೆಯಲ್ಲಿ ಒಂದು ಬೋರ್ ಪಂಪ್ ಬಿಚ್ಚುತ್ತಿದ್ದರು. "ಬಾ ಇಲ್ಲಿ, ನೋಡವ್ವ" ಅಂತ ಅವಳನ್ನು ಕರೆದು, ಒಳಗೆ ಗಟ್ಟಿಯಾಗಿ ಸಿಕ್ಕಿಕೊಂಡಿದ್ದ ಒಂದು ಹಿಡಿ ಮರಳನ್ನು ಸ್ಕ್ರೂಡ್ರೈವರಿನಿಂದ ಕೆದರಿ ತೋರಿಸಿದರು.