ಎರಡು ರೆಪೊಗಳ ಮರ್ಜ್: ಮೊದಲು ಬೇಸ್ ಎಲ್ಲಿದೆ ನೋಡಿ

ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಟೂಲ್) ಬಳಸಿ, ಬೇರೆ ಬೇರೆ ರೆಪೊಗಳಲ್ಲಿ (ಕೋಡ್ ಮತ್ತು ಅದರ ಇತಿಹಾಸ ಇರುವ ಸಂಗ್ರಹ) ಬೆಳೆದ ಕೋಡನ್ನು ಒಟ್ಟಿಗೆ ತರಲು, ಅಂದರೆ ಮರ್ಜ್ ಮಾಡಲು ಹೋಗಿ ಕಾನ್‌ಫ್ಲಿಕ್ಟ್‌ಗಳ (ಒಂದೇ ಜಾಗ ಎರಡೂ ಕಡೆ ಬೇರೆ ಬೇರೆಯಾಗಿ ಬದಲಾಗಿರುವುದು) ರಾಶಿಯಲ್ಲಿ ಸಿಕ್ಕಿಕೊಂಡವರಿಗೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಮರ್ಜ್ ಬೇಸ್ ಯಾವುದು? ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ. ನೇರವಾಗಿ ಎಡಿಟರ್ ತೆರೆದು ಒಂದೊಂದೇ ಕಾನ್‌ಫ್ಲಿಕ್ಟ್ ಬಿಡಿಸುತ್ತಾ ಕೂತಿರುತ್ತಾರೆ.

ಮರ್ಜ್ ಮಾಡುವಾಗ ಗಿಟ್ ನಿಮ್ಮ ಫೈಲು, ಅವರ ಫೈಲು ಎರಡನ್ನೇ ನೋಡುವುದಿಲ್ಲ. ಮೂರು ನೋಡುತ್ತದೆ: ನಿಮ್ಮದು, ಅವರದು, ಎರಡೂ ಕವಲೊಡೆಯುವ ಮುಂಚಿನ ಕಮಿಟ್ (ಇತಿಹಾಸದಲ್ಲಿ ದಾಖಲಿಸಿಟ್ಟ ಒಂದು ಹಂತ). ಈ ಮೂರನೆಯದೇ ಮರ್ಜ್ ಬೇಸ್. ಒಂದು ಸಾಲು ನಿಮ್ಮಲ್ಲಿದೆ, ಅವರಲ್ಲಿಲ್ಲ ಅಂದುಕೊಳ್ಳಿ. ನೀವು ಸೇರಿಸಿದ್ದೋ, ಅವರು ಅಳಿಸಿದ್ದೋ? ಬೇಸ್‌ನಲ್ಲಿ ಆ ಸಾಲು ಇದ್ದರೆ ಅವರು ಅಳಿಸಿದ್ದಾರೆ, ಇಲ್ಲದಿದ್ದರೆ ನೀವು ಸೇರಿಸಿದ್ದೀರಿ. ಬೇಸ್ ಇಲ್ಲದೆ ಇದನ್ನು ಯಾವ ಟೂಲೂ ಹೇಳಲಾರದು. ಹಾಗಾಗಿ ಮೂಲ ರೆಪೊವನ್ನು ರಿಮೋಟ್ (ಗಿಟ್‌ಗೆ ಪರಿಚಯಿಸಿದ ಹೊರಗಿನ ರೆಪೊ) ಆಗಿ ಸೇರಿಸಿ, ಅದರ ಇತಿಹಾಸವನ್ನು ಫೆಚ್ ಮಾಡಿ, ಅಂದರೆ ಇಳಿಸಿಕೊಂಡು, ಮರ್ಜ್‌ಗೆ ಕೈ ಹಾಕುವ ಮುಂಚೆ ‘ಗಿಟ್ ಮರ್ಜ್-ಬೇಸ್’ ಓಡಿಸಿ. ಬಂದ ಕಮಿಟ್‌ನ ತಾರೀಕು ಎರಡು ವರ್ಷ ಹಿಂದಿನದಾ? ನೀವು ಕಳೆದ ತಿಂಗಳು ತಾನೇ ಅಪ್‌ಸ್ಟ್ರೀಮ್ (ಮೂಲ ರೆಪೊದ ಕೋಡ್) ತಂದಿದ್ದಿರಿ, ಅಲ್ವಾ? ಹಾಗಾದರೆ ನಡುವೆ ಯಾರೋ ಇತಿಹಾಸ ಕತ್ತರಿಸಿದ್ದಾರೆ.

ಬಹಳ ಸಲ ಅದು ಸ್ಕ್ವಾಶ್ (ಹಲವು ಕಮಿಟ್‌ಗಳನ್ನು ಒಂದೇ ಕಮಿಟ್ ಆಗಿ ಒತ್ತುವುದು) ಮಾಡಿದ ಕೆಲಸ. ಒಂದೇ ರೆಪೊದೊಳಗೆ, ಬ್ರಾಂಚ್ (ಕೋಡಿನ ಕವಲು) ಸೇರಿಸಿ ಅಳಿಸುವಾಗ ಸ್ಕ್ವಾಶ್ ಚೆನ್ನಾಗಿಯೇ ಇರುತ್ತದೆ, ನನ್ನ ತಕರಾರಿಲ್ಲ. ಆದರೆ ಫೋರ್ಕ್‌ಗೆ (ಮೂಲ ರೆಪೊದಿಂದ ಕವಲೊಡೆದ ನಿಮ್ಮ ಪ್ರತಿ) ಅಪ್‌ಸ್ಟ್ರೀಮ್ ತರುವಾಗ ಸ್ಕ್ವಾಶ್ ಮಾಡಿದರೆ ಕೋಡ್ ಬರುತ್ತದೆ, ಸಂಬಂಧ ಬರುವುದಿಲ್ಲ. ಆ ಕಮಿಟ್‌ಗೆ ಒಂದೇ ಪೇರೆಂಟ್ (ಅದರ ಹಿಂದಿನ ಕಮಿಟ್), ಅದೂ ನಿಮ್ಮ ಕಡೆಯದು. ಮುಂದಿನ ಸಲ ಮರ್ಜ್ ಮಾಡಿದಾಗ ಗಿಟ್ ಪಾಪ ಹಳೆಯ ಬೇಸ್‌ಗೇ ಹೋಗುತ್ತದೆ, ನೀವು ಆಗಲೇ ಬಿಡಿಸಿದ ಕಾನ್‌ಫ್ಲಿಕ್ಟ್‌ಗಳೆಲ್ಲ ಮತ್ತೆ ಎದ್ದು ನಿಲ್ಲುತ್ತವೆ, ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ. ಫೈಲುಗಳನ್ನು ಸುಮ್ನೆ ಕಾಪಿ ಮಾಡಿ ‘ಅಪ್‌ಸ್ಟ್ರೀಮ್ ಅಪ್‌ಡೇಟ್’ ಅಂತ ಕಮಿಟ್ ಹಾಕಿದರೂ ಇದೇ ಪಾಡು. ಚೆರಿ-ಪಿಕ್ (ಬೇಕಾದ ಕಮಿಟ್ಟನ್ನಷ್ಟೇ ಆರಿಸಿ ತರುವುದು) ಕೂಡ ಹೊಸ ಹ್ಯಾಶ್‌ನ (ಕಮಿಟ್‌ನ ಗುರುತಿನ ಸಂಕೇತ) ಹೊಸ ಕಮಿಟ್ಟೇ. ಒಂದೆರಡು ತುರ್ತು ಫಿಕ್ಸ್‌ಗೆ ಸರಿ, ಅದಕ್ಕೂ ಮೈನಸ್ ಎಕ್ಸ್ (-x) ಆಯ್ಕೆ ಕೊಟ್ಟರೆ ಮೂಲ ಕಮಿಟ್‌ನ ಗುರುತು ಮೆಸೇಜ್‌ನಲ್ಲಿ ಉಳಿಯುತ್ತದೆ.

ಕಡಿದುಹೋದ ಸಂಬಂಧವನ್ನು ಮತ್ತೆ ಜೋಡಿಸಬಹುದು. ಹಿಂದೆ ಸ್ಕ್ವಾಶ್ ಆಗಿ ಬಂದದ್ದು ಅಪ್‌ಸ್ಟ್ರೀಮ್‌ನ ಯಾವ ಕಮಿಟ್‌ವರೆಗೆ ಅಂತ ಪತ್ತೆ ಮಾಡಿ, ಸರಿಯಾಗಿ ಆ ಕಮಿಟ್ಟನ್ನು ‘ಅವರ್ಸ್’ (ours, ನಮ್ಮದನ್ನೇ ಉಳಿಸು) ಸ್ಟ್ರಾಟಜಿಯಲ್ಲಿ ಮರ್ಜ್ ಮಾಡಿ. ನಿಮ್ಮ ಫೈಲುಗಳಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಆದರೆ ಇಲ್ಲಿವರೆಗೆ ಬಂದಾಗಿದೆ ಅಂತ ಇತಿಹಾಸದಲ್ಲಿ ದಾಖಲಾಗುತ್ತದೆ. ಆಮೇಲಿನ ಮರ್ಜ್ ಅಲ್ಲಿಂದಲೇ ಶುರು. ಎಚ್ಚರ: ಒಂದು ಕಮಿಟ್ ಮುಂದೆ ಹೋದರೂ ಆ ಕಮಿಟ್‌ನ ಬದಲಾವಣೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಗಿಟ್ ಏನೂ ಹೇಳುವುದಿಲ್ಲ.

ಬೇಸೇ ಇಲ್ಲದ ರೆಪೊಗಳ ಕತೆ ಬೇರೆ. 2005ರಲ್ಲಿ ಗಿಟ್ ಇನ್ನೂ ಕೂಸಾಗಿದ್ದಾಗಲೇ ಗಿಟ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಪ್ರತ್ಯೇಕ ರೆಪೊದಲ್ಲಿದ್ದ ಗಿಟ್‌ಕೆ (ಗಿಟ್ ಇತಿಹಾಸವನ್ನು ಚಿತ್ರವಾಗಿ ತೋರಿಸುವ ಟೂಲ್) ಪ್ರಾಜೆಕ್ಟನ್ನು ಅದರ ಇತಿಹಾಸದ ಸಮೇತ ಗಿಟ್‌ನ ರೆಪೊಗೆ ಮರ್ಜ್ ಮಾಡಿದ್ದರು. ಎರಡು ಬೇರು, ಒಂದೇ ಮರ. ಈಗ ಹಾಗೆ ಸುಲಭವಾಗಿ ಆಗುವುದಿಲ್ಲ. 2016ರಲ್ಲಿ ಬಂದ 2.9 ಆವೃತ್ತಿಯಿಂದ ಗಿಟ್ ‘ಅನ್‌ರಿಲೇಟೆಡ್ ಹಿಸ್ಟರೀಸ್’ (ಸಂಬಂಧವಿಲ್ಲದ ಇತಿಹಾಸಗಳು) ಅಂತ ತಡೆಯುತ್ತದೆ. ಅನುಮತಿಸುವ ಆಯ್ಕೆ ಇದೆ, ಆದರೆ ಫೋರ್ಕ್ ಅಂದುಕೊಂಡ ರೆಪೊದಲ್ಲಿ ಈ ಎರರ್ ಬಂದರೆ ಅದನ್ನು ಹಾಕಿ ಮುಂದೆ ಹೋಗಬೇಡಿ. ಯಾರೋ ಫೈಲುಗಳನ್ನು ಕಾಪಿ ಮಾಡಿ ಹೊಸದಾಗಿ ಇನಿಟ್ ಮಾಡಿದ್ದಾರೆ, ಅಂದರೆ ಹೊಸ ರೆಪೊ ಶುರು ಮಾಡಿದ್ದಾರೆ ಅಂತ ಬಹಳ ಸಲ ಅದರ ಅರ್ಥ. ನಿಜಕ್ಕೂ ಎರಡು ಪ್ರಾಜೆಕ್ಟ್ ಒಂದಾಗಬೇಕಾದರೆ, ಸೇರಿಸಬೇಕಾದ ರೆಪೊವನ್ನು ‘ಫಿಲ್ಟರ್-ರೆಪೊ’ದಿಂದ (ಇತಿಹಾಸವನ್ನು ತಿರುಗಿ ಬರೆಯುವ ಟೂಲ್) ಒಂದು ಉಪಫೋಲ್ಡರ್‌ಗೆ ಸರಿಸಿಕೊಂಡು ಆಮೇಲೆ ಮರ್ಜ್ ಮಾಡುವುದು ನನಗೆ ಇಷ್ಟ. ಫೈಲುಗಳು ಢಿಕ್ಕಿ ಹೊಡೆಯುವುದಿಲ್ಲ. ಒಂದೇ ತೊಂದರೆ, ಹ್ಯಾಶ್‌ಗಳೆಲ್ಲ ಬದಲಾಗುತ್ತವೆ. ಹಳೆಯ ರೆಪೊಗೆ ಆಮೇಲೂ ಯಾರಾದರೂ ಪುಶ್ ಮಾಡುತ್ತಿದ್ದರೆ ಅದು ಇಲ್ಲಿಗೆ ಸರಾಗವಾಗಿ ಬರುವುದಿಲ್ಲ, ಆದ್ದರಿಂದ ಮೊದಲು ಅದಕ್ಕೆ ಬೀಗ ಹಾಕಿ.

ಉಳಿದ ಕಾನ್‌ಫ್ಲಿಕ್ಟ್ ಬಿಡಿಸಲು ಎರಡು ಸೆಟ್ಟಿಂಗ್ ಸಾಕು. ಕಾನ್‌ಫ್ಲಿಕ್ಟ್ ಸ್ಟೈಲ್ ‘ಡಿಫ್3’ ಮಾಡಿದರೆ ನಿಮ್ಮದು, ಅವರದು ಎರಡರ ನಡುವೆ ಬೇಸ್ ಕೂಡ ಕಾಣುತ್ತದೆ. ‘ರೆರೆರೆ’ ಆನ್ ಮಾಡಿದರೆ ಒಮ್ಮೆ ಬಿಡಿಸಿದ ಬಗೆಯನ್ನು ಗಿಟ್ ನೆನಪಿಟ್ಟುಕೊಂಡು ಅದೇ ಕಾನ್‌ಫ್ಲಿಕ್ಟ್ ಮತ್ತೆ ಬಂದಾಗ ತಾನೇ ಹಾಕುತ್ತದೆ. ತಪ್ಪಾಗಿ ಬಿಡಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಹಾಕುತ್ತದೆ ಅನ್ನಿ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಮಾತ್ರ ಒಂದೂ ಕಾನ್‌ಫ್ಲಿಕ್ಟ್ ಬರದ ಮರ್ಜ್. ಅಪ್‌ಸ್ಟ್ರೀಮ್‌ನವರು ಒಂದು ಫಂಕ್ಷನ್‌ನ ಹೆಸರು ಬದಲಿಸಿ, ತಮ್ಮಲ್ಲಿ ಅದನ್ನು ಕರೆಯುವ ಜಾಗಗಳನ್ನೆಲ್ಲ ತಿದ್ದಿರುತ್ತಾರೆ. ನೀವು ಅದೇ ಸಮಯದಲ್ಲಿ ಬೇರೊಂದು ಫೈಲಿನಲ್ಲಿ ಹಳೆಯ ಹೆಸರಿನಿಂದ ಹೊಸ ಕಾಲ್ ಬರೆದಿರುತ್ತೀರಿ. ಸಾಲುಗಳು ಎಲ್ಲೂ ಮುಖಾಮುಖಿಯಾಗುವುದಿಲ್ಲ, ಗಿಟ್‌ಗೆ ಎಲ್ಲ ಸರಿ. ಕಂಪೈಲ್ ಆಗುವ ಭಾಷೆಯಾದರೆ ಬಿಲ್ಡ್‌ನಲ್ಲೇ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಆ ದಾರಿಯಲ್ಲಿ ಕೋಡ್ ಓಡಿದ ದಿನ. ಎರಡೂ ಬ್ರಾಂಚ್‌ಗಳ ಟೆಸ್ಟ್ ಬೇರೆ ಬೇರೆಯಾಗಿ ಪಾಸಾಗಿರುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಮರ್ಜ್ ಆದ ಕೋಡ್ ಮೇಲೆಯೇ ಟೆಸ್ಟ್ ಓಡಿಸಬೇಕು. ತಿದ್ದುಪಡಿಯನ್ನೂ ಆ ಮರ್ಜ್ ಕಮಿಟ್‌ನೊಳಗೇ ಸೇರಿಸಿ, ಏಕೆ ಅಂತ ಮೆಸೇಜ್‌ನಲ್ಲಿ ಎರಡು ಸಾಲು ಬರೆಯಿರಿ. ಬೇರೆ ಕಮಿಟ್ ಮಾಡಿದರೆ ನಡುವೆ ಒಂದು ಮುರಿದ ಕಮಿಟ್ ಉಳಿದು, ಮುಂದೆ ಬೈಸೆಕ್ಟ್ (ದೋಷ ಯಾವ ಕಮಿಟ್‌ನಲ್ಲಿ ಬಂತು ಅಂತ ಇತಿಹಾಸದಲ್ಲಿ ಹುಡುಕುವುದು) ಮಾಡುವವರು ಅಲ್ಲಿ ಬಂದು ಮುಗ್ಗರಿಸುತ್ತಾರೆ.