ಸತ್ತವರ ಲೆಕ್ಕ ಬರೆದವರು ಯಾರು?

ಯಾವ ಊರಿನಿಂದ ಸಾವಿನ ಪಟ್ಟಿ ಬಂದರೂ, ಬರೆದವರು ಯಾರು, ಎಲ್ಲಿ ಕೂತು ಬರೆದರು ಅಂತ ನಾವು ಮೊದಲು ಕೇಳುತ್ತೇವೆ. ಸಮುದಾಯ ಆರೋಗ್ಯದ ಡಾಕ್ಟರುಗಳ ಅಭ್ಯಾಸ ಇದು. 1348ರಲ್ಲಿ ಐರ್ಲೆಂಡಿಗೆ ಬಂದ ಪ್ಲೇಗಿನ ಬಗ್ಗೆ ಓದುವಾಗಲೂ ಈ ಚಾಳಿ ಬಿಡುವುದಿಲ್ಲ. ಆಗ ಅಲ್ಲಿ ಒಂದು ಕಡೆ ಇಂಗ್ಲಿಷ್ ವಲಸಿಗರು, ಇನ್ನೊಂದು ಕಡೆ ಐರಿಷ್ ಕುಲಗಳು.

1349ರ ಆಗಸ್ಟಿನಲ್ಲಿ ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ರಿಚರ್ಡ್ ಫಿಟ್ಜ್‌ರಾಲ್ಫ್ ಆಗ ಪೋಪ್ ಇದ್ದ, ಈಗಿನ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಅವನ ಮುಂದೆ ನಿಂತು, ಇಂಗ್ಲಿಷರಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತಿದ್ದಾರೆ, ಐರಿಷರಿಗೆ ಇನ್ನೂ ಅಂಥ ಪೆಟ್ಟು ಬಿದ್ದಿಲ್ಲ ಅಂದ. ಪ್ಲೇಗಿಗೂ ಜಾತಿ ಗೊತ್ತಾಗುತ್ತಾ? ಖಂಡಿತ ಇಲ್ಲ. ಆದರೆ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ.

ನಮಗೆ ಸಿಗುವ ಮುಖ್ಯ ಸಾಕ್ಷಿ ಕಿಲ್ಕೆನ್ನಿಯ ಫ್ರಾನ್ಸಿಸ್ಕನ್ ಸನ್ಯಾಸಿ ಜಾನ್ ಕ್ಲಿನ್. ಡಬ್ಲಿನ್‌ನಲ್ಲಿ ಆಗಸ್ಟಿನಿಂದ ಕ್ರಿಸ್‌ಮಸ್‌ವರೆಗೆ 14,000 ಜನ ಸತ್ತರು ಅಂತ ಅವನು ಬರೆದಿದ್ದಾನೆ. ಈ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದೂರದ ಊರಿನ ಸುದ್ದಿ ಕೇಳಿ ಬರೆದದ್ದು. ಡ್ರೊಹೆಡಾದಲ್ಲಿ ತನ್ನದೇ ಪಂಥದ 25 ಜನ, ಡಬ್ಲಿನ್‌ನಲ್ಲಿ 23 ಜನ ಹೋದರು ಅನ್ನುತ್ತಾನಲ್ಲ, ಅದನ್ನು ನಂಬುತ್ತೇನೆ. ಅದು ತಲೆ ಎಣಿಸಿ ಕೊಟ್ಟ ಲೆಕ್ಕ.

ಅವನು ಬರೆದ ಲಕ್ಷಣಗಳನ್ನು ಓದಿದರೆ ಇವತ್ತಿನ ಡಾಕ್ಟರಿಗೂ ರೋಗ ಗುರುತು ಸಿಗುತ್ತದೆ. ಕಂಕುಳಲ್ಲಿ ಗಡ್ಡೆ, ಹುಚ್ಚು ಹಿಡಿಸುವಂಥ ತಲೆನೋವು, ಕೆಲವರು ರಕ್ತ ಉಗುಳುವುದು. ಗಡ್ಡೆ ಕಟ್ಟುವುದು ಚಿಗಟ ಕಚ್ಚಿ ಬರುವ ಪ್ಲೇಗು. ರಕ್ತ ಉಗುಳಿದರೆ ಅದು ಶ್ವಾಸಕೋಶಕ್ಕೆ ಇಳಿದಿದೆ ಅಂತ. ಆಮೇಲೆ ಹರಡಲು ಇಲಿ ಬೇಕಿಲ್ಲ, ಕೆಮ್ಮು ಸಾಕು. ಪಾಪ ಹೇಳಿಕೊಂಡವನೂ ಕೇಳಿಸಿಕೊಂಡ ಪಾದ್ರಿಯೂ ಒಟ್ಟಿಗೇ ಗುಂಡಿ ಸೇರಿದರು ಅಂತ ಕ್ಲಿನ್ ಬರೆದದ್ದು ಸುಮ್ನೆ ಅಲ್ಲ. ಮುಂದೆ ಯಾರಾದರೂ ಬದುಕಿದ್ದರೆ ಬರೆಯಲಿ ಅಂತ ಖಾಲಿ ಚರ್ಮದ ಹಾಳೆಗಳನ್ನೂ ಬಿಟ್ಟಿದ್ದ. ‘ಇಲ್ಲಿಗೆ ಬರೆದವನು ತೀರಿಕೊಂಡಂತಿದೆ’ ಅಂತ ಆಮೇಲೆ ಬೇರೆ ಕೈ ಬರೆದಿದೆ.

ಗೇಲಿಕ್, ಅಂದರೆ ಮೂಲ ಐರಿಷ್, ಕುಲಗಳ ವಾರ್ಷಿಕ ದಾಖಲೆಗಳ ಕಥೆಯೇ ಬೇರೆ. ಅದರ ತುಂಬ ಯಾರು ಯಾರನ್ನು ಕೊಂದರು, ಯಾರ ದನ ಹೊಡೆದುಕೊಂಡು ಹೋದರು ಅನ್ನುವುದೇ. ನಮ್ಮ ವೀರಗಲ್ಲುಗಳ ತುರುಗೋಳಿನ ಹಾಗೆ. 1349ರಲ್ಲಿ ಮೊಯ್ಲರ್ಗ್‌ನಲ್ಲೂ ಐರ್ಲೆಂಡಿನ ಎಲ್ಲೆಡೆಯೂ ದೊಡ್ಡ ಪ್ಲೇಗು ಅಂತ ಪಶ್ಚಿಮ ಐರ್ಲೆಂಡಿನ ಕನಾಕ್ಟ್‌ನ ದಾಖಲೆ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಹೆಸರು ಬರುವುದು ಮನೆತನದವರದು ಮಾತ್ರ. ಸತ್ತ ದನಗಾಹಿಯ ಹೆಸರು ಯಾಕೆ ಬರೆಯುತ್ತಾರೆ? ಅಂದರೆ ಐರಿಷರ ಸಾವು ಕಾಗದದ ಮೇಲೆ ಕಮ್ಮಿ ಆಗಿರುವುದಕ್ಕೆ ಬರೆದವರೂ ಒಂದು ಕಾರಣ.

ಇನ್ನೊಂದು ಕಾರಣ ಬದುಕಿನ ರೀತಿ. ಇಂಗ್ಲಿಷ್ ವಲಸಿಗರು ಜಾಸ್ತಿ ಇದ್ದದ್ದು ಬಂದರು, ಪೇಟೆ, ಧಾನ್ಯದ ಕಣಜ, ಗಿರಣಿಗಳ ಸುತ್ತ. ಹಡಗಿನಿಂದ ಇಳಿದ ಇಲಿಗೆ ಇನ್ನೇನು ಬೇಕು! ಬಹಳಷ್ಟು ಕುಲಗಳವರದು ಚದುರಿದ ಮನೆಗಳು. ಬೇಸಿಗೆಯಲ್ಲಿ ದನಗಳ ಜೊತೆ ಗುಡ್ಡ ಹತ್ತುತ್ತಿದ್ದರು. ರೋಗ ತಲುಪಲು ತಡವಾಗುತ್ತದೆ, ಅಷ್ಟೇ.

ಕುಲಗಳ ಕಾಳಗಕ್ಕೆ ಪ್ಲೇಗೇ ಬೇಕಿರಲಿಲ್ಲ. ನಾಯಕ ಸತ್ತರೆ ಹಿರಿ ಮಗನಿಗೇ ಪಟ್ಟ ಅಂತ ಇರಲಿಲ್ಲ. ಒಬ್ಬನೇ ಮುತ್ತಜ್ಜನಿಂದ ಬಂದ ಗಂಡಸರೆಲ್ಲ ಹಕ್ಕುದಾರರೇ. ಅಣ್ಣ, ಚಿಕ್ಕಪ್ಪ, ದಾಯಾದಿ ಎಲ್ಲರೂ ಕಣಕ್ಕೆ ಇಳಿಯಬಹುದು. ಇಂಗ್ಲಿಷ್ ಹಿಡಿತ ಸಡಿಲವಾದದ್ದೂ ಮೊದಲೇ. 1315ರಲ್ಲಿ ಸ್ಕಾಟ್ಲೆಂಡಿನ ಎಡ್ವರ್ಡ್ ಬ್ರೂಸ್‌ನ ದಂಡಯಾತ್ರೆ, ಅದೇ ಹೊತ್ತಿಗೆ ಬರಗಾಲ, 1333ರಲ್ಲಿ ಉತ್ತರದ ಅಲ್‌ಸ್ಟರ್ ಸೀಮೆಯ ಒಡೆಯನಾದ ಅರ್ಲ್‌ನ ಕೊಲೆ. ಪ್ಲೇಗು ಬಂದು ವಲಸಿಗರ ಕಡೆಯ ಉಳುವವರನ್ನು, ಬೇಲಿ ಕಾಯುವವರನ್ನು ಹೊತ್ತೊಯ್ದಿತು. 1361ರಲ್ಲಿ ಮತ್ತೆ ಬಂತು. ಉಳಿದ ವಲಸಿಗರಲ್ಲಿ ಎಷ್ಟೋ ಜನ ಇಂಗ್ಲೆಂಡಿಗೆ ಹೊರಟರು. ಖಾಲಿ ಬಿದ್ದ ನೆಲಕ್ಕೆ ಕುಲಗಳು ದನ ಇಳಿಸಿದವು.

1366ರಲ್ಲಿ ಕಿಲ್ಕೆನ್ನಿಯಲ್ಲೇ ಸಭೆ ಸೇರಿ, ಇಂಗ್ಲಿಷ್ ವಲಸಿಗರು ಐರಿಷ್ ಮಾತಾಡಬಾರದು, ಐರಿಷರ ಜೊತೆ ಮದುವೆ ಮಾಡಿಕೊಳ್ಳಬಾರದು ಅಂತ ಕಾನೂನು ಮಾಡಿದರು. ಅಷ್ಟು ಹೊತ್ತಿಗೆ ಎರಡೂ ಧಾರಾಳವಾಗಿ ನಡೆದಿತ್ತು.