ಪುಸ್ತಕದ ಕಪಾಟು: ಮೊದಲು ಹಲಗೆಯ ಉದ್ದ ಗೊತ್ತುಮಾಡಿಕೊಳ್ಳಿ

ಮನೆಯಲ್ಲೇ ಪುಸ್ತಕದ ಕಪಾಟು ಮಾಡಿಕೊಳ್ಳಬೇಕು ಎನ್ನುವವರು ಮೊದಲು ಕೇಳುವುದು ಯಾವ ಮರ ತರಲಿ, ಯಾವ ಪಾಲಿಶ್ ಹಾಕಲಿ ಅಂತ. ನಾನು ತಿರುಗಿ ಕೇಳುವುದು ಒಂದೇ: ಹಲಗೆ ಎಷ್ಟು ಉದ್ದ ಇಡುತ್ತೀರಿ?

ಕೆಲಸ ಕಲಿತ ಹೊಸದರಲ್ಲಿ 4 ಅಡಿ ಅಗಲದ ಕಪಾಟೊಂದನ್ನು ಮಾಡಿಕೊಟ್ಟಿದ್ದೆ. 18 ಮಿ.ಮೀ. ಪ್ಲೈವುಡ್, ನಡುವೆ ಆಸರೆ ಇಲ್ಲ. ಕೊಟ್ಟ ದಿನ ನೋಡಲು ಚೆಂದವಿತ್ತು. ವರ್ಷ ಕಳೆದು ಹೋಗಿ ನೋಡಿದರೆ ಹಲಗೆಗಳೆಲ್ಲ ನಡುವಲ್ಲಿ ಜೋತುಬಿದ್ದಿದ್ದವು. ಹಲಗೆಯ ಎರಡು ತುದಿಗೆ ದಾರ ಬಿಗಿಯಾಗಿ ಹಿಡಿದರೆ ನಡುವೆ ಕಿರುಬೆರಳು ತೂರುವಷ್ಟು ಸಂದು. ಪುಸ್ತಕ ಇಳಿಸಿದ ಮೇಲೂ ಅವು ಪೂರ್ತಿ ನೆಟ್ಟಗಾಗಲಿಲ್ಲ. ಹೊರೆ ತಿಂಗಳುಗಟ್ಟಲೆ ಕೂತರೆ ಮರ ನಿಧಾನಕ್ಕೆ ಬಾಗುತ್ತಲೇ ಹೋಗುತ್ತದೆ. ಹಾಗೆ ಬಾಗಿದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಪುಸ್ತಕದ ಭಾರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಒತ್ತೊತ್ತಾಗಿ ಜೋಡಿಸಿದರೆ ಒಂದು ಅಡಿ ಸಾಲಿಗೆ 8ರಿಂದ 10 ಕೆಜಿ ಹಿಡಿದುಕೊಳ್ಳಿ. ದಪ್ಪ ನಿಘಂಟುಗಳಾದರೆ ಇನ್ನೂ ಹೆಚ್ಚು. ಹಲಗೆಯ ಉದ್ದ ಎರಡರಷ್ಟಾದರೆ ಬಾಗು ಎರಡರಷ್ಟಲ್ಲ, 16 ಪಟ್ಟಾಗುತ್ತದೆ. ಅದೇ ಲೆಕ್ಕದಲ್ಲಿ 4 ಅಡಿಯನ್ನು ಎರಡೂವರೆ ಅಡಿಗೆ ಇಳಿಸಿದರೆ ಬಾಗು ಆರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ 18 ಮಿ.ಮೀ. ಪ್ಲೈವುಡ್‌ಗೆ ಎರಡೂವರೆ ಅಡಿಯೇ ನನ್ನ ಮಿತಿ. ಮರದ ಚೂರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರೆ 2 ಅಡಿ ದಾಟಬೇಡಿ. ಅಗಲ ಬೇಕೇ ಬೇಕೆಂದರೆ ನಡುವೆ ಒಂದು ನಿಲುವು ಹಲಗೆ ಕೊಡಿ. ಹಲಗೆಯ ಮುಂದಿನ ಅಂಚಿಗೆ ಒಂದೂವರೆ ಇಂಚು ಎತ್ತರದ ಗಟ್ಟಿಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದರೂ ಬಲ ಬಹಳ ಹೆಚ್ಚುತ್ತದೆ, ಪ್ಲೈ ಅಂಚೂ ಮುಚ್ಚುತ್ತದೆ. ಕೊಯ್ಯುವಾಗ ಮೇಲ್ಪದರದ ಎಳೆ ಹಲಗೆಯ ಉದ್ದಕ್ಕೇ ಓಡುವಂತೆ ನೋಡಿಕೊಳ್ಳಿ. ಶೀಟು ಉಳಿಸಲು ಅಡ್ಡ ಕೊಯ್ದರೆ ಹಲಗೆ ಬೇಗ ಸೋಲುತ್ತದೆ.

ಅಡ್ಡ ಹಲಗೆ ಕೂರುವ ಜಾಗಕ್ಕೆ ಗುರುತು ಹಾಕುವಾಗ ಎಡ, ಬಲ ಪಕ್ಕದ ಹಲಗೆಗಳನ್ನು ಬೇರೆ ಬೇರೆ ಅಳೆಯಲೇಬೇಡಿ. ಎರಡನ್ನೂ ಅಕ್ಕಪಕ್ಕ ಮಲಗಿಸಿ, ಬುಡ ಸಮ ಮಾಡಿ, ಕ್ಲ್ಯಾಂಪ್ ಬಿಗಿದು, ಮೂಲೆಮಟ್ಟ ಇಟ್ಟು ಒಂದೇ ಗೆರೆಯನ್ನು ಎರಡರ ಮೇಲೂ ಎಳೆಯಿರಿ. ಅಳತೆ ಒಂದು ಮಿ.ಮೀ. ತಪ್ಪಿದ್ದರೂ ಎರಡೂ ಕಡೆ ಒಂದೇ ಸಮ ತಪ್ಪಿರುತ್ತದೆ, ಹಲಗೆ ಮಟ್ಟವಾಗಿಯೇ ಕೂರುತ್ತದೆ. ಆ ಗೆರೆಯಲ್ಲಿ 6 ಮಿ.ಮೀ. ಆಳಕ್ಕೆ ತೋಡು ತೆಗೆದು ಹಲಗೆಯ ತುದಿ ಕೂರಿಸಿದರೆ ಭಾರ ಮರದ ಮೇಲೆ ನಿಲ್ಲುತ್ತದೆ, ಸ್ಕ್ರೂ ಮೇಲಲ್ಲ. 18 ಎಂದು ಮಾರುವ ಪ್ಲೈ ಕೆಲವೊಮ್ಮೆ ಅದಕ್ಕಿಂತ ತೆಳುವಿರುತ್ತದೆ. ತೋಡಿನ ಅಗಲವನ್ನು ಟೇಪು ನೋಡಿ ಹಾಕದೆ, ಉಳಿದ ತುಂಡೊಂದನ್ನು ಇಟ್ಟು ನೋಡಿ ಹಾಕಿ. ಅಂಗೈಯಿಂದ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚಾಯಿತು. ತೋಡು ತೆಗೆಯಲು ಸಲಕರಣೆ ಇಲ್ಲದಿದ್ದರೆ ಪ್ರತಿ ಹಲಗೆಯ ಕೆಳಗೆ ಆಸರೆ ಪಟ್ಟಿ ಹೊಡೆಯಿರಿ, ಅದೂ ಗಟ್ಟಿಯೇ.

ಹಿಂಬದಿಗೆ 6 ಮಿ.ಮೀ. ಪ್ಲೈ ಹಾಕುವುದನ್ನು ದಂಡದ ಖರ್ಚು ಎಂದುಕೊಳ್ಳಬೇಡಿ. ಕಪಾಟು ಪಕ್ಕಕ್ಕೆ ವಾಲದಂತೆ ಹಿಡಿದಿಡುವುದು ಅದೇ. ಅದನ್ನು ಹೊಡೆಯುವ ಮೊದಲು, ಅಂಟು ಇನ್ನೂ ಹಸಿಯಿರುವಾಗಲೇ, ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಅಳತೆ ಒಂದೇ ಬಂದರೆ ಚೌಕ ಸರಿ. ಬರದಿದ್ದರೆ ಹೆಚ್ಚು ಉದ್ದವಿರುವ ಕಡೆಯ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ, ಮತ್ತೆ ಅಳೆಯಿರಿ.

ಬಣ್ಣವಾಗಲಿ ಪಾಲಿಶ್ ಆಗಲಿ ನಿಮ್ಮ ಇಷ್ಟ. ಪೂರ್ತಿ ಗಟ್ಟಿಯಾಗುವ ಮುಂಚೆ ಪುಸ್ತಕ ಇಟ್ಟರೆ ರಟ್ಟು ಅಂಟಿಕೊಳ್ಳುತ್ತದೆ, ಅಷ್ಟು ಗಮನವಿರಲಿ.

ಕಪಾಟು ಎಷ್ಟೇ ಭಾರವಿರಲಿ, ಮೇಲ್ಭಾಗವನ್ನು ಗೋಡೆಗೆ ಬಿಗಿಯಲೇಬೇಕು. ಮಕ್ಕಳಿಗೆ ಅದು ಏಣಿಯಂತೆಯೇ ಕಾಣುತ್ತದೆ. ಕೆಳಗಿನ ಹಲಗೆಗೆ ಕಾಲಿಟ್ಟು ಮೇಲಿನದನ್ನು ಹಿಡಿದು ಎಳೆದರೆ ತುಂಬಿದ ಕಪಾಟು ಮುಂದಕ್ಕೆ ಮಗುಚುತ್ತದೆ. ಎರಡು ಎಲ್ ಆಕಾರದ ಪಟ್ಟಿ, ಗೋಡೆಯ ತೂತಿನಲ್ಲಿ ಕೂತು ಸ್ಕ್ರೂ ಹಿಡಿಯುವ, ಗೋಡೆಗೆ ಹೊಂದುವ ಪ್ಲಗ್, ನಾಲ್ಕು ಸ್ಕ್ರೂ ಸಾಕು. ಮೊದಲ ಪುಸ್ತಕ ಇಡುವ ಮುನ್ನವೇ ಹಾಕಿಬಿಡಿ.